ಲಂಡನ್ನಿನ ಬಾಡಿಗೆ ವಠಾರಗಳೂ ಆಕ್ಟೇವಿಯಾ ಹಿಲ್ಲಳ ಆಡಳಿತಕ್ರಮವೂ

ಬಾಡಿಗೆಗೆ ಕೊಟ್ಟ ಮನೆಯನ್ನು ಹೊಲಸಾಗಿ ಇಟ್ಟುಕೊಳ್ಳುವ ಒಕ್ಕಲಿನೊಡನೆ ಮನೆಯೊಡೆಯನು ಯಾವ ರೀತಿಯಾಗಿ ವರ್ತಿಸಬೇಕೆಂಬ ಪ್ರಶ್ನೆಯು ನಗರಜೀವನದಷ್ಟೇ ಹಳೆಯದಾದುದು. ಒಡೆಯನು ಒಕ್ಕಲಿನ ಅಭ್ಯಾಸಗಳನ್ನು ದೂರುವನು. ಒಕ್ಕಲಾದರೋ ಸೋರುವ ಮಾಡನ್ನೂ ಕಟ್ಟಿಕೊಂಡ ಮೋರಿಯನ್ನೂ ತೋರಿಸುವನು. ಹೊಲಸಾದ ಮನೆಯೇ ಜನರನ್ನು ಕೊಳಕರನ್ನಾಗಿ ಮಾಡುವುದೋ, ಕೊಳಕರಾದ ಜನರೇ ಮನೆಯನ್ನು ಕೆಡಿಸುವರೋ ಎಂಬ ಈ ವಿವಾದವು ಬೀಜವೃಕ್ಷನ್ಯಾಯದಂತೆ ಕೊನೆಗಾಣದುದು. ಹತ್ತೊಂಬತ್ತನೆಯ ಶತಮಾನದ ಲಂಡನ್ ನಗರದಲ್ಲಿ ಈ ವಿವಾದವು ಪತ್ರಿಕೆಗಳಲ್ಲಿಯೂ ಪಾರ್ಲಿಮೆಂಟಿನಲ್ಲಿಯೂ ಬಹುಕಾಲ ನಡೆಯಿತು. ಅದನ್ನು ವಾದದಿಂದಲ್ಲದೆ ಪ್ರಯೋಗದಿಂದ ಪರೀಕ್ಷಿಸಿ ನೋಡಿದವಳು ಆಕ್ಟೇವಿಯಾ ಹಿಲ್ (೧೮೩೮–೧೯೧೨) ಎಂಬ ಮಹಿಳೆ. ಆಕೆಯ ಕ್ರಮವು ಯಾವ ಸನ್ನಿವೇಶದಲ್ಲಿ ಹುಟ್ಟಿತು, ಅದರ ಸ್ವರೂಪವೇನು, ಅದು ಎಲ್ಲಿಯವರೆಗೆ ಫಲಿಸಿತು ಎಂಬ ಮೂರು ವಿಷಯಗಳು ಇಲ್ಲಿ ವಿಚಾರಾರ್ಹವಾಗಿವೆ.

೧

೧೮೪೨ನೆಯ ಇಸವಿಯಲ್ಲಿ ಎಡ್ವಿನ್ ಚಾಡ್ವಿಕ್ಕನು ಇಂಗ್ಲೆಂಡಿನ ಕೂಲಿಕಾರರ ಆರೋಗ್ಯಸ್ಥಿತಿಯನ್ನು ಕುರಿತು ತನ್ನ ಪ್ರಸಿದ್ಧವಾದ ವರದಿಯನ್ನು ಪ್ರಕಟಿಸಿದನು. ಜ್ವರಗಳಿಗೂ ಕೊಳಕು ವಾಸಸ್ಥಳಗಳಿಗೂ ಇರುವ ಸಂಬಂಧವನ್ನು ಅದಕ್ಕೆ ಮೊದಲೇ ಎತ್ತಿ ತೋರಿಸಿದ್ದವರಲ್ಲಿ ಲಂಡನ್ನಿನ ಜ್ವರದ ಆಸ್ಪತ್ರೆಯ ವೈದ್ಯನಾಗಿದ್ದ ಸೌತ್‌ವುಡ್ ಸ್ಮಿತ್ ಎಂಬವನು ಮುಖ್ಯನು. ಆಕ್ಟೇವಿಯಾ ಹಿಲ್ಲಳು ಈತನ ಮಗಳ ಮಗಳು. ೧೮೪೬ರಿಂದ ಮೊದಲುಗೊಂಡು ಜನರಿಗೆ ಉಪದ್ರವಕಾರಿಯಾದ ಹೊಲಸನ್ನು ತೆಗೆದುಹಾಕಿಸುವ ಕಾಯಿದೆಗಳು ಒಂದರ ಮೇಲೊಂದಾಗಿ ಬಂದುವು. ಆದರೂ ಬಡವರ ವಠಾರಗಳ ಸ್ಥಿತಿಯು ಸುಧಾರಿಸಲಿಲ್ಲ.

ಇದಕ್ಕೆ ಮುಖ್ಯಕಾರಣವು ಲಂಡನ್ನಿನ ಮನೆಗಳ ಒಡೆತನದ ಪದ್ಧತಿಯಲ್ಲಿಯೇ ಇದ್ದಿತು. ನೆಲವು ಒಬ್ಬ ಶ್ರೀಮಂತನದು. ಅದನ್ನು ದೀರ್ಘಕಾಲದ ಗುತ್ತಿಗೆಗೆ ಪಡೆದವನು ಇನ್ನೊಬ್ಬನು. ಅವನಿಂದ ಒಳಗುತ್ತಿಗೆ ಹಿಡಿದು ಕೋಣೆಗಳನ್ನು ವಾರದ ಬಾಡಿಗೆಗೆ ಬಿಡುವವನು ಮತ್ತೊಬ್ಬನು. ಗುತ್ತಿಗೆಯ ಅವಧಿಯು ಮುಗಿಯುತ್ತ ಬಂದಂತೆಲ್ಲ ಮನೆಯ ಮೇಲೆ ಒಂದು ಕಾಸನ್ನಾದರೂ ವೆಚ್ಚಮಾಡಲು ಯಾರಿಗೂ ಕಾರಣವಿರುತ್ತಿರಲಿಲ್ಲ. ಮಧ್ಯವರ್ತಿಯಾದವನು ದುರಸ್ತಿಯನ್ನೂ ಮಾಡಿಸನು, ಬಾಡಿಗೆಯನ್ನೂ ಕ್ರಮವಾಗಿ ಕೇಳನು. ಕೊಡಬಲ್ಲವರಿಂದ ಹೆಚ್ಚಾಗಿ ಕಿತ್ತುಕೊಂಡು, ಕೊಡಲಾರದವರ ಬಾಕಿಯನ್ನು ಸರಿದೂಗಿಸಿಕೊಳ್ಳುವುದೇ ಅವನ ವ್ಯಾಪಾರವಾಗಿತ್ತು. ಶವಸಂಸ್ಕಾರದ ಸಾಮಗ್ರಿಯನ್ನು ಒದಗಿಸುವ ಉದ್ಯೋಗದಲ್ಲಿದ್ದ ಅಂಥ ಒಬ್ಬ ಒಡೆಯನು, ತನಗೆ ಬಾಡಿಗೆಗಿಂತ ಆ ಮನೆಗಳಲ್ಲಿ ಆಗುವ ಸಾವುಗಳೇ ಲಾಭದಾಯಕವೆಂದು ಹಿಲ್ಲಳೊಡನೆ ಹೇಳಿಕೊಂಡನಂತೆ. ಇಂತಹ ಒಡೆಯನ ಒಕ್ಕಲು ಮನೆಯನ್ನು ಶುಚಿಯಾಗಿಡಬೇಕೆಂದು ಅಪೇಕ್ಷಿಸುವುದು ಎಷ್ಟರ ಮಟ್ಟಿಗೆ ನ್ಯಾಯವೆಂಬುದನ್ನು ವಾಚಕರೇ ಊಹಿಸಬಹುದು.

೨

ಹಿಲ್ಲಳ ತಂದೆಯು ೧೮೪೦ರಲ್ಲಿ ದಿವಾಳಿಯಾದುದರಿಂದ ಆಕೆಯು ಬಾಲ್ಯದಲ್ಲಿಯೇ ದುಡಿಮೆಗೆ ಇಳಿಯಬೇಕಾಯಿತು. ಆಟದ ಸಾಮಾನುಗಳನ್ನು ತಯಾರಿಸುತ್ತಿದ್ದ ಬಡ ಹುಡುಗಿಯರ ಮೇಲ್ವಿಚಾರಣೆಯು ಆಕೆಯ ಪಾಲಿಗೆ ಬಂದಿತು. ಆ ಹುಡುಗಿಯರ ಮನೆಗಳಿಗೆ ಹೋಗಿಬರುತ್ತಿದ್ದಾಗಲೇ ವಠಾರಗಳ ದುಃಸ್ಥಿತಿಯು ಆಕೆಗೆ ಪ್ರತ್ಯಕ್ಷವಾಯಿತು. ಚಿತ್ರಗಳ ಪ್ರತಿ ತೆಗೆಯುವ ಕೆಲಸದ ಮೂಲಕ ಆಕೆಗೆ ಜಾನ್ ರಸ್ಕಿನ್ನನ ಪರಿಚಯವೂ ಆಗಿತ್ತು. ಯಾವನ ಗ್ರಂಥವನ್ನು ಗಾಂಧೀಜಿಯವರು ‘ಸರ್ವೋದಯ’ವೆಂಬ ಹೆಸರಿನಿಂದ ಸಂಗ್ರಹಿಸಿ ೧೯೦೮ರಲ್ಲಿ ಗುಜರಾತಿಗೆ ತಂದರೋ ಆ ರಸ್ಕಿನ್ನನೇ ಈತನು. ೧೮೬೪ರಲ್ಲಿ ತಂದೆಯ ಮರಣಾನಂತರ ಇವನ ಕೈಗೆ ವಿಪುಲವಾದ ಧನವು ಬಂದಿತು. ಮರುವರ್ಷ, ಎಂದರೆ ೧೮೬೫ರಲ್ಲಿ, ಮೇರಿಲಬನ್ ಭಾಗದ ಪ್ಯಾರಡೈಸ್ ಪ್ಲೇಸ್ ಎಂಬಲ್ಲಿ ಮೂರು ಮನೆಗಳ ೫೬ ವರ್ಷದ ಗುತ್ತಿಗೆಯನ್ನು ೭೫೦ ಪೌಂಡುಗಳಿಗೆ ಕೊಂಡು ಅವನ್ನು ಹಿಲ್ಲಳ ಆಡಳಿತಕ್ಕೆ ಒಪ್ಪಿಸಿದನು. ‘ಸ್ವರ್ಗ’ವೆಂಬ ಅರ್ಥದ ಆ ಹೆಸರಿಗೂ ಆ ಸ್ಥಳಕ್ಕೂ ಯಾವ ಸಂಬಂಧವೂ ಇರಲಿಲ್ಲ.

ರಸ್ಕಿನ್ನನು ಇಲ್ಲಿ ಒಂದು ಮುಖ್ಯವಾದ ನಿಯಮವನ್ನು ಹಾಕಿದನು. ಹೂಡಿದ ಬಂಡವಾಳಕ್ಕೆ ಶೇಕಡಾ ೫ರಂತೆ ಬಡ್ಡಿಯು ಹುಟ್ಟಲೇಬೇಕು. ಹಾಗಾದರೆ ಮಾತ್ರ ಇತರ ಹಣವಂತರೂ ಈ ಮಾರ್ಗವನ್ನು ಅನುಸರಿಸುವರು ಎಂಬುದು ಅವನ ಅಭಿಪ್ರಾಯ. ಆದುದರಿಂದ ಇದು ಧರ್ಮಛತ್ರವಾಗಿರಲಿಲ್ಲ. ಬಾಡಿಗೆ ಕೊಡುವವರಿಗೂ ತೆಗೆದುಕೊಳ್ಳುವವರಿಗೂ ಇರಬೇಕಾದ ಋಜುವಾದ ವ್ಯವಹಾರದಿಂದಲೇ ಮನೆಯು ಶುಚಿಯಾಗಬಲ್ಲುದೇ ಎಂಬುದರ ಪರೀಕ್ಷೆಯಾಗಿತ್ತು.

೩

ಮನೆಗಳು ಆಕೆಯ ವಶಕ್ಕೆ ಬಂದಾಗ ಇದ್ದ ಸ್ಥಿತಿಯನ್ನು ಹಿಲ್ಲಳೇ ೧೮೬೬ರಲ್ಲಿ ಬರೆದ ಲೇಖನದಲ್ಲಿ ವರ್ಣಿಸಿರುವಳು. ಗೋಡೆಗಳ ಗಾರೆಯು ಉದುರುತ್ತಿತ್ತು. ಮಾಡಿನಿಂದ ಸೋರುವ ಮಳೆನೀರನ್ನು ಹಿಡಿಯಲು ಮೆಟ್ಟಿಲ ಮೇಲೆ ಬಾಲ್ದಿಯನ್ನು ಇಟ್ಟಿದ್ದರು. ಮೆಟ್ಟಿಲಿನ ಕಟಕಟೆಯ ಮರವನ್ನು ಒಕ್ಕಲುಗಳು ಕಿತ್ತು ಸೌದೆಯಾಗಿ ಉರಿಸಿಬಿಟ್ಟಿದ್ದರು. ಬಟ್ಟೆ ಒಗೆಯುವುದಕ್ಕೆಂದು ಕಟ್ಟಿದ್ದ ಕೊಠಡಿಯಲ್ಲಿ ಹಳೆಯ ಒಡೆಯನು ತನ್ನ ಮುರುಕು ಸಾಮಾನುಗಳನ್ನು ತುಂಬಿ ಬೀಗ ಹಾಕಿದ್ದನು. ಆದಕಾರಣ ಜನರು ತಾವು ಉಂಡು ಮಲಗುವ ಕೋಣೆಯಲ್ಲಿಯೇ ಬಟ್ಟೆಯನ್ನೂ ಒಗೆಯಬೇಕಾಗಿತ್ತು. ಎಲ್ಲರಿಗೂ ಸೇರಿ ನೀರಿಗೆ ಒಂದೇ ಪೀಪಾಯಿ, ಅದೂ ಸೋರುತ್ತಿತ್ತು. ನೀರು ಬಂದ ವೇಳೆಯಲ್ಲಿ ಪಾತ್ರೆಗಳನ್ನು ತುಂಬಿಕೊಳ್ಳದವರಿಗೆ ಆ ದಿನ ನೀರಿಲ್ಲ. ಕಿಟಕಿಗಳ ೧೯೨ ಗಾಜುಗಳಲ್ಲಿ ಒಡೆಯದೆ ಉಳಿದಿದ್ದುವು ೮ ಮಾತ್ರ.

ಈ ವರ್ಣನೆಯನ್ನು ಸೂಕ್ಷ್ಮವಾಗಿ ವಿಮರ್ಶಿಸಿದರೆ ದೋಷವು ಎರಡು ಕಡೆಗಳಲ್ಲಿಯೂ ಇದ್ದುದು ಕಂಡುಬರುತ್ತದೆ. ಕಟಕಟೆಯನ್ನು ಸುಟ್ಟವರು ಒಕ್ಕಲುಗಳು. ನೀರನ್ನೂ ಒಗೆಯುವ ಕೊಠಡಿಯನ್ನೂ ಇಲ್ಲದಂತೆ ಮಾಡಿದವನು ಒಡೆಯನು. ಯಾರು ಮೊದಲು ತಮ್ಮ ಪಾಲಿನ ಕೆಲಸವನ್ನು ಮಾಡಬೇಕೆಂಬುದೇ ಪ್ರಶ್ನೆ. ಹಿಲ್ಲಳ ಉತ್ತರವು ಸ್ಪಷ್ಟವಾಗಿತ್ತು: ಒಡೆತನ ಯಾರದೋ ಮೊದಲ ಹೆಜ್ಜೆಯೂ ಅವರದು. ಆದರೆ ಆಕೆಯು ಎಲ್ಲವನ್ನೂ ಒಮ್ಮೆಗೇ ಹೊಸದಾಗಿ ಮಾಡಿಸಲಿಲ್ಲ. ಮೋರಿ ಮತ್ತು ನೀರು, ಎಂದರೆ ಒಕ್ಕಲು ತಾನಾಗಿ ಸರಿಪಡಿಸಿಕೊಳ್ಳಲಾಗದ ಅಂಶಗಳು, ಮೊದಲು ಸರಿಯಾದುವು. ಕೋಣೆಗಳ ಒಳಗಣ ಸುಧಾರಣೆಯನ್ನು ಮಾತ್ರ ಕಾಲಕ್ರಮದಲ್ಲಿ, ಒಕ್ಕಲು ಅದನ್ನು ಕಾಪಾಡಿಕೊಳ್ಳಬಲ್ಲುದೆಂದು ತೋರಿದ ಮೇಲೆ, ಸ್ವಲ್ಪಸ್ವಲ್ಪವಾಗಿ ಕೈಗೊಂಡಳು. ಕೊಟ್ಟೊಡನೆ ಹಾಳಾಗುವ ವಸ್ತುವನ್ನು ಕೊಡುವುದು ಒಡೆಯನಿಗೂ ನಷ್ಟ, ಒಕ್ಕಲಿಗೂ ಕೆಟ್ಟ ಪಾಠ ಎಂಬುದು ಆಕೆಯ ನಿಶ್ಚಯವಾಗಿತ್ತು.

೪

ಕೊಳಕಾಗಿರುವ ಒಕ್ಕಲಿನ ವಿಷಯದಲ್ಲಿ ಆಕೆಯು ಅನುಸರಿಸಿದ ಕ್ರಮದಲ್ಲಿ ನಾಲ್ಕು ಅಂಗಗಳನ್ನು ಗುರುತಿಸಬಹುದು.

ಮೊದಲನೆಯದು, ವಾರವಾರವೂ ಬಾಡಿಗೆಯ ವಸೂಲಿಗೆ ತಾನೇ ಹೋಗುವುದು. ಕಾಲಕ್ರಮದಲ್ಲಿ ಈ ಕೆಲಸಕ್ಕೆ ಆಕೆಯು ಅನೇಕ ಸ್ತ್ರೀಯರನ್ನು ತರಬೇತುಗೊಳಿಸಿದಳು. ವಸೂಲಿಗೆ ಬಂದವಳು ಮನೆಯ ಸ್ಥಿತಿಯನ್ನು ನೋಡುವಳು. ಒಡೆದುಹೋದುದನ್ನು ಗುರುತು ಹಾಕಿಕೊಳ್ಳುವಳು. ಮುಂದಿನ ವಾರ ಅದು ಸರಿಹೋಗಿದೆಯೇ ಎಂದು ವಿಚಾರಿಸುವಳು. ವರ್ಷಕ್ಕೊಮ್ಮೆ ಬಂದು ಗದ್ದರಿಸುವುದಕ್ಕಿಂತ ವಾರಕ್ಕೊಮ್ಮೆಯ ಈ ಸೌಮ್ಯವಾದ ಭೇಟಿಯು ಹೆಚ್ಚು ಫಲಕಾರಿಯಾಯಿತು. ಇದರೊಂದಿಗೆ ಹಿಂಬಾಕಿಯ ವಿಷಯದಲ್ಲಿ ಯಾವ ದಾಕ್ಷಿಣ್ಯವೂ ಇರಲಿಲ್ಲ. ಕೊಡದವರಿಗೆ ಮನೆ ಬಿಡುವಂತೆ ನೋಟೀಸು ಹೋಗುತ್ತಿತ್ತು.

ಎರಡನೆಯದು, ಒಡೆಯನ ಪಾಲಿಗೆ ಸೇರಿದ ಭಾಗವನ್ನು ಒಡೆಯನೇ ಶುಚಿಯಾಗಿಡುವುದು. ಮೆಟ್ಟಿಲು, ನಡುಹಾದಿ ಮೊದಲಾದುವು ಯಾವ ಒಬ್ಬ ಒಕ್ಕಲಿಗೂ ಸೇರಿದುವಲ್ಲ; ಎಲ್ಲರದಾದುದರಿಂದಲೇ ಅವು ಯಾರ ಲಕ್ಷ್ಯಕ್ಕೂ ಬೀಳದೆ ಎಲ್ಲಕ್ಕಿಂತ ಹೆಚ್ಚಾಗಿ ಹೊಲಸಾಗುವುವು. ವಠಾರದ ಹುಡುಗಿಯರಲ್ಲಿ ದೊಡ್ಡವರಾದವರನ್ನು ಆರಿಸಿ, ಕೂಲಿ ಕೊಟ್ಟು, ವಾರಕ್ಕೆ ಮೂರು ಸಲ ಈ ಭಾಗಗಳನ್ನು ಉಜ್ಜಿ ತೊಳೆಯಿಸುವ ಏರ್ಪಾಡನ್ನು ಹಿಲ್ಲಳು ಮಾಡಿದಳು. ಹುಡುಗಿಯರಿಗೆ ಸಂಪಾದನೆಯೂ ಆಯಿತು, ಕೆಲಸವೂ ಬಂದಿತು. ಇದಕ್ಕಿಂತ ಹೆಚ್ಚಿನ ಫಲವೂ ಒಂದು ಉಂಟಾಯಿತು. ಶುಚಿಯಾದ ಮೆಟ್ಟಿಲನ್ನು ಏರಿ ತನ್ನ ಬಾಗಿಲನ್ನು ತೆರೆಯುವ ಗೃಹಿಣಿಗೆ ತನ್ನ ಕೋಣೆಯ ಕೊಳಕು ತಾನಾಗಿಯೇ ಕಣ್ಣಿಗೆ ಬೀಳತೊಡಗಿತು.

ಮೂರನೆಯದು, ದುರಸ್ತಿಯ ನಿಧಿ. ಪ್ರತಿಯೊಂದು ಮನೆಗೂ ವರ್ಷಕ್ಕೆ ಇಂತಿಷ್ಟು ಹಣವೆಂದು ದುರಸ್ತಿಗಾಗಿ ಗೊತ್ತುಮಾಡಿ, ಒಡೆದು ಹಾಳುಮಾಡಿದುದರ ವೆಚ್ಚವನ್ನು ಅದರಲ್ಲಿ ಕಳೆದು, ಉಳಿದುದನ್ನು ಒಕ್ಕಲುಗಳೇ ಅಪೇಕ್ಷಿಸಿದ ಅನುಕೂಲತೆಗೆ ವಿನಿಯೋಗಿಸುತ್ತಿದ್ದಳು. ಗಾಜೊಂದನ್ನು ಒಡೆದರೆ ನಷ್ಟವು ದೂರದಲ್ಲಿರುವ ಒಡೆಯನದಲ್ಲ, ತಮ್ಮದೇ ಎಂಬುದು ಇದರಿಂದ ಎಲ್ಲರಿಗೂ ತಿಳಿಯುವಂತಾಯಿತು. ಉದ್ಯೋಗವು ಕಡಿಮೆಯಾದ ಕಾಲದಲ್ಲಿ ಸಣ್ಣಪುಟ್ಟ ದುರಸ್ತಿಗಳನ್ನು ಒಕ್ಕಲುಗಳಿಂದಲೇ ಕೂಲಿಗೆ ಮಾಡಿಸುತ್ತಿದ್ದುದೂ ಗಮನಾರ್ಹವಾಗಿದೆ. ತಾನು ಹಚ್ಚಿದ ಸುಣ್ಣವನ್ನು ತಾನೇ ಕೆಡಿಸುವವರು ವಿರಳ.

ನಾಲ್ಕನೆಯದು, ಸ್ಥಳಸಂಕೋಚದ ನಿವಾರಣೆ. ದೊಡ್ಡ ಸಂಸಾರವು ಒಂದೇ ಕೋಣೆಯಲ್ಲಿ ತುಂಬಿಕೊಂಡಿರುವಲ್ಲಿ ಶುಚಿತ್ವವು ಅಸಾಧ್ಯವೆಂದು ತಿಳಿದು, ಎರಡು ಕೋಣೆಗಳನ್ನು ಹಿಡಿಯುವಂತೆ ಒತ್ತಾಯಪಡಿಸಿ, ಅದಕ್ಕೆ ತಕ್ಕಂತೆ ಬಾಡಿಗೆಯನ್ನೂ ಸುಲಭಗೊಳಿಸಿದಳು.

ಈ ನಾಲ್ಕೂ ಸೇರಿದ ಫಲವಾಗಿ ಬಂಡವಾಳಕ್ಕೆ ಶೇಕಡಾ ೫ರ ಬಡ್ಡಿಯು ಸಂದಿತು. ದುರಸ್ತಿಗೆ ಧಾರಾಳವಾಗಿ ವೆಚ್ಚಮಾಡಿಯೂ ಅಸಲನ್ನು ತೀರಿಸುವ ನಿಧಿಯು ಬೆಳೆಯಿತು. ೧೮೭೪ರ ವೇಳೆಗೆ ಹದಿನೈದು ಕಡೆಗಳಲ್ಲಿ ಸುಮಾರು ೩,೦೦೦ ಒಕ್ಕಲುಗಳು ಆಕೆಯ ಆಡಳಿತಕ್ಕೆ ಒಳಪಟ್ಟಿದ್ದರು. ೧೮೮೪ರಿಂದ ಇಂಗ್ಲೆಂಡಿನ ಚರ್ಚಿನ ಆಸ್ತಿಯನ್ನು ನೋಡಿಕೊಳ್ಳುವ ಕಮಿಷನರರೂ ಸದರ್ಕ್ ಭಾಗದ ತಮ್ಮ ಮನೆಗಳನ್ನು ಆಕೆಗೆ ವಹಿಸಿದರು. ೧೮೯೬ರಲ್ಲಿ ಅಮೆರಿಕೆಯ ಫಿಲಡೆಲ್ಫಿಯಾ ನಗರದಲ್ಲಿ ಆಕೆಯ ಹೆಸರಿನಿಂದಲೇ ಒಂದು ಸಂಘವು ಸ್ಥಾಪಿತವಾಯಿತು.

೫

ಇಷ್ಟಾದರೂ ಈ ಕ್ರಮದ ಮಿತಿಗಳನ್ನು ಹೇಳದೆ ಬಿಡುವುದು ಇತಿಹಾಸಧರ್ಮವಲ್ಲ. ಲಂಡನ್ನಿನ ಡೆಪ್ಟ್‌ಫರ್ಡ್ ಭಾಗದಲ್ಲಿ ಹಿಲ್ಲಳು ೧೮೮೪ರಲ್ಲಿ ವಹಿಸಿಕೊಂಡ ಮನೆಗಳು ಆಕೆಗೂ ಆಕೆಯ ಸಹಾಯಕರಿಗೂ ಬಹಳ ತೊಂದರೆಯನ್ನು ಕೊಟ್ಟುವು. ಅಲ್ಲಿಯ ಜನರು ಸ್ಥಿರವಾದ ಸಂಪಾದನೆಯಿಲ್ಲದೆ ಒಂದು ಮನೆಯಿಂದ ಇನ್ನೊಂದಕ್ಕೆ ಅಲೆಯುತ್ತಿದ್ದವರಾದುದರಿಂದ, ಒಂದು ಸಂಸಾರದಲ್ಲಿ ಬೇರೂರಿದ ಅಭ್ಯಾಸವು ಆ ಮನೆಯಲ್ಲಿ ಉಳಿಯುತ್ತಿರಲಿಲ್ಲ. ೧೮೮೫ರಲ್ಲಿ ಕ್ಯಾಥರೀನ್ ಬಿಲ್ಡಿಂಗ್ಸ್ ಎಂಬ ಕಟ್ಟಡದಲ್ಲಿ ಬಾಡಿಗೆ ವಸೂಲಿಗೆ ನಿಂತ ಬಿಯಾಟ್ರಿಸ್ ಪಾಟರಳು (ಮುಂದೆ ಬಿಯಾಟ್ರಿಸ್ ವೆಬ್ ಎಂದು ಪ್ರಸಿದ್ಧಳಾದವಳು) ಇನ್ನೊಂದು ದೋಷವನ್ನು ಕಂಡಳು. ನೀರಿನ ತೊಟ್ಟಿಗಳೂ ಪಾಯಖಾನೆಗಳೂ ಎಲ್ಲ ಸಂಸಾರಗಳಿಗೆ ಸಾಮಾನ್ಯವಾಗಿರುವಂತೆ, ಆದಷ್ಟು ಕಡಿಮೆ ವೆಚ್ಚದಲ್ಲಿ ಕಟ್ಟಿದ ಆ ಮನೆಗಳಲ್ಲಿ ಎಂತಹ ಮೇಲ್ವಿಚಾರಕಿಯ ಸದ್ಭಾವವೂ ಕಟ್ಟಡದ ದೋಷವನ್ನು ನೀಗಿಸಲಾರದೆಂಬುದು ಆಕೆಯ ಅನುಭವವಾಯಿತು.

ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪಣೆಯು ನೋಟೀಸನ್ನು ಕುರಿತದ್ದು. ಈ ಸೌಮ್ಯವಾದ ಆಡಳಿತದ ಹಿಂದೆ ಮನೆಯಿಂದ ಹೊರಡಿಸುವ ಅಧಿಕಾರವು ಯಾವಾಗಲೂ ನಿಂತಿದ್ದಿತು. ಹೊರಟುಹೋದವರು ಇನ್ನೂ ಹೀನವಾದ ವಠಾರವನ್ನು ಸೇರದೆ ಗತ್ಯಂತರವಿರಲಿಲ್ಲ. ಆದರೂ ಇನ್ನೊಂದು ಪಕ್ಷವನ್ನೂ ತೂಗಿ ನೋಡಬೇಕು. ಕೊಳೆತ ಕೇರಿಗಳನ್ನು ಕೆಡವಿ ಹೊಸ ಕಟ್ಟಡಗಳನ್ನು ಕಟ್ಟಿಸುವ ನಗರಾಡಳಿತದ ಕ್ರಮದಲ್ಲಿ ಹಳೆಯ ನಿವಾಸಿಗಳ ಗತಿಯು ಇದಕ್ಕಿಂತಲೂ ಕಷ್ಟತರವಾಯಿತು. ಬೆತ್ನಲ್ ಗ್ರೀನ್ ಭಾಗದಲ್ಲಿ ಐದು ಸಾವಿರಕ್ಕೂ ಹೆಚ್ಚು ಜನರನ್ನು ಎಬ್ಬಿಸಿ, ಲಂಡನ್ ಕೌಂಟಿ ಕೌನ್ಸಿಲ್ಲಿನವರು ಕಟ್ಟಿಸಿ ೧೯೦೦ರಲ್ಲಿ ಪ್ರಾರಂಭೋತ್ಸವ ನಡೆಯಿಸಿದ ಬೌಂಡರಿ ಸ್ಟ್ರೀಟಿನ ಮನೆಗಳಿಗೆ ಆ ಹಳೆಯ ಜನರಲ್ಲಿ ಮರಳಿ ಬಂದವರು ಬಹು ಸ್ವಲ್ಪಮಂದಿ. ಹಿಲ್ಲಳು ನಗರಾಡಳಿತವೇ ಮನೆ ಕಟ್ಟಿಸುವುದನ್ನು ಕೊನೆಯವರೆಗೂ ವಿರೋಧಿಸಿದಳು. ಆಕೆಯ ವಿರೋಧವು ಕಾಲಪ್ರವಾಹದ ಮುಂದೆ ನಿಲ್ಲಲಿಲ್ಲ. ಆದರೆ ಹಳೆಯ ಮನೆಯಲ್ಲಿ ಹಳೆಯ ಒಕ್ಕಲನ್ನೇ ಇಟ್ಟುಕೊಂಡು ಎರಡನ್ನೂ ಸುಧಾರಿಸಬೇಕೆಂಬ ಆಕೆಯ ಸಂಕಲ್ಪದ ಬೆಲೆಯು ಅದರಿಂದ ಕಡಿಮೆಯಾಗದು.

೬

ಹಿಲ್ಲಳು ೧೮೮೪ರಲ್ಲಿ ಕೂಲಿಕಾರರ ವಸತಿಯ ವಿಷಯವನ್ನು ವಿಚಾರಿಸಿದ ರಾಯಲ್ ಕಮಿಷನ್ನಿನ ಮುಂದೆ ಸಾಕ್ಷ್ಯವನ್ನು ಕೊಟ್ಟಳು. ಆ ವಿಚಾರಣೆಯ ಫಲವಾಗಿ ೧೮೮೫ರಲ್ಲಿ ಆದ ಕಾಯಿದೆಯ ೧೨ನೆಯ ಪ್ರಕರಣದಲ್ಲಿ, ಕೂಲಿಕಾರರಿಗೆ ಬಾಡಿಗೆಗೆ ಕೊಡುವ ಮನೆಯು ಬಾಡಿಗೆಯ ಆರಂಭಕಾಲದಲ್ಲಿ ಮನುಷ್ಯವಾಸಕ್ಕೆ ಯೋಗ್ಯವಾಗಿರಬೇಕೆಂಬ ನಿಬಂಧನೆಯು, ಕರಾರಿನಲ್ಲಿ ಬರೆದಿರಲಿ ಬಿಡಲಿ, ಇದೆಯೆಂದೇ ಭಾವಿಸತಕ್ಕದ್ದೆಂದು ವಿಧಿಸಲಾಯಿತು. ಮುಂದೆ ಬಾಡಿಗೆಗಳು ಏರುತ್ತ ಹೋದರೂ ಈ ನಿಬಂಧನೆಗೆ ಗೊತ್ತುಮಾಡಿದ್ದ ಬಾಡಿಗೆಯ ಮಿತಿಯನ್ನು ಏರಿಸದೆ ಬಿಟ್ಟುದರಿಂದ ಅದು ಬಹುಕಾಲ ನಿರರ್ಥಕವಾಗಿತ್ತು. ೨೦೧೮ರ ಕಾಯಿದೆಯು ಆ ಮಿತಿಯನ್ನು ತೆಗೆದುಹಾಕಿ ೨೦೧೯ರ ಮಾರ್ಚಿಯಿಂದ ಇಂಗ್ಲೆಂಡಿನಲ್ಲಿ ಅದಕ್ಕೆ ಪುನಃ ಜೀವವನ್ನು ಕೊಟ್ಟಿತು.

ಒಕ್ಕಲಿನ ಕರ್ತವ್ಯವನ್ನು ಇಂಗ್ಲೆಂಡಿನ ಅಪೀಲು ನ್ಯಾಯಾಲಯವು ೧೯೫೩ರಲ್ಲಿ ನಿರೂಪಿಸಿತು. ನ್ಯಾಯಾಧೀಶ ಡೆನಿಂಗನ ತೀರ್ಪಿನ ಮೇರೆಗೆ, ಹೊಗೆಗೂಡನ್ನು ಬೇಕಾದಾಗ ಗುಡಿಸಿಸುವುದು, ಕಿಟಕಿಗಳನ್ನು ಒರಸುವುದು, ತನ್ನ ಕಸದಿಂದ ಕಟ್ಟಿಕೊಂಡ ತೊಟ್ಟಿಯನ್ನು ಬಿಡಿಸುವುದು ಮುಂತಾದ ಸಣ್ಣ ಕೆಲಸಗಳು ಒಕ್ಕಲಿನವು. ಕಾಲಧರ್ಮದಿಂದಲೂ ಸಹಜವಾದ ಸವೆತದಿಂದಲೂ ಆಗುವ ಜೀರ್ಣತೆಗೆ ಒಕ್ಕಲು ಹೊಣೆಯಲ್ಲ. ಪ್ಯಾರಡೈಸ್ ಪ್ಲೇಸಿನಲ್ಲಿ ೧೮೬೫ರಲ್ಲಿ ಎಳೆದ ಗೆರೆಯೂ ಬಹುಮಟ್ಟಿಗೆ ಇದೇ ಆಗಿತ್ತು: ಮೆಟ್ಟಿಲು, ಮೋರಿ, ನೀರು ಒಡೆಯನ ಪಾಲು, ಬಾಗಿಲಿನಿಂದ ಒಳಗಣ ನೈರ್ಮಲ್ಯವು ಒಕ್ಕಲಿನ ಪಾಲು. ತನ್ನ ಪಾಲನ್ನು ನೆರವೇರಿಸಿದ ಒಡೆಯನ ಮಾತಿಗೆ ಮಾತ್ರ ಒಕ್ಕಲಿನ ಬಾಗಿಲಲ್ಲಿ ತೂಕವುಂಟೆಂಬುದು ಈ ಇತಿಹಾಸದಿಂದ ಸಿದ್ಧವಾಗುತ್ತದೆ.