ಎಣಿಕೆಗೆ ಮೊದಲು, ಎಣಿಕೆಯ ನಂತರ: ಕರ್ನಾಟಕದ ಮೈತ್ರಿ ರಾಜಕಾರಣ

ಚುನಾವಣಾ ಮೈತ್ರಿಯಲ್ಲಿ ಎರಡು ಬಗೆ. ಪಕ್ಷಗಳು ಮೊದಲೇ ಸೀಟು ಹಂಚಿಕೊಂಡು ಒಟ್ಟಾಗಿ ಮತ ಕೇಳುವುದು ಒಂದು. ಬೇರೆಬೇರೆಯಾಗಿ ಸೆಣಸಿ, ಸದನ ಅತಂತ್ರವಾದ ಮೇಲೆ ಕೈಜೋಡಿಸುವುದು ಇನ್ನೊಂದು. ಮೊದಲನೆಯ ಬಗೆಯನ್ನು ಮತದಾರ ಒಪ್ಪಬಹುದು, ತಿರಸ್ಕರಿಸಬಹುದು. ಎರಡನೆಯದರಲ್ಲಿ ಅವನಿಗೆ ಆ ಅವಕಾಶವಿಲ್ಲ. ಕರ್ನಾಟಕದ ಸಮ್ಮಿಶ್ರ ಸರ್ಕಾರಗಳು ಹೆಚ್ಚಾಗಿ ಎರಡನೆಯ ಬಗೆಗೆ ಸೇರಿದವು.

ಮೊದಲ ಬಗೆಗೆ ಒಳ್ಳೆಯ ಉದಾಹರಣೆ ಹಿಂದೂ ಮಹಾಸಾಗರದ ಪುಟ್ಟ ದ್ವೀಪರಾಷ್ಟ್ರ ಮಾರಿಷಸ್. ಅಲ್ಲಿ ಮುಖ್ಯ ದ್ವೀಪವನ್ನು ತಲಾ ಮೂರು ಸ್ಥಾನಗಳ 20 ಕ್ಷೇತ್ರಗಳಾಗಿ ವಿಂಗಡಿಸಲಾಗಿದೆ. ರೊಡ್ರಿಗಸ್ ದ್ವೀಪಕ್ಕೆ ಎರಡು ಸ್ಥಾನ. ಒಂದೇ ಕ್ಷೇತ್ರದ ಮೂರು ಟಿಕೆಟ್‌ಗಳನ್ನು ಮಿತ್ರಪಕ್ಷಗಳು ಹಂಚಿಕೊಳ್ಳಬಹುದಾದ್ದರಿಂದ ಯಾವ ಪಕ್ಷವೂ ಊರನ್ನೇ ಬಿಟ್ಟುಕೊಡಬೇಕಾಗಿಲ್ಲ. 1982ರಲ್ಲಿ ಎಂಎಂಎಂ ಮತ್ತು ಪಿಎಸ್‌ಎಂ ಪಕ್ಷಗಳ ಕೂಟ ಮುಖ್ಯ ದ್ವೀಪದ ಎಲ್ಲ 60 ಸ್ಥಾನಗಳನ್ನೂ ಬಾಚಿಕೊಂಡಿತು. 1995ರಲ್ಲಿ ಲೇಬರ್–ಎಂಎಂಎಂ ಕೂಟ ಅದೇ ಸಾಧನೆ ಮಾಡಿತು. 2024ರ ನವೆಂಬರ್‌ನಲ್ಲಿ ನವೀನ್ ರಾಮ್‌ಗುಲಾಮ್ ನೇತೃತ್ವದ ಮೈತ್ರಿಕೂಟವೂ 60 ಸ್ಥಾನ ಗೆದ್ದು ಅಧಿಕಾರಕ್ಕೆ ಬಂತು. ಹಾಗೆಂದು ಅಲ್ಲಿನ ಮೈತ್ರಿಗಳೆಲ್ಲ ಬಾಳಿಕೆ ಬಂದವೆಂದಲ್ಲ. 1982ರ ಕೂಟ ಒಂದು ವರ್ಷ ತುಂಬುವುದರೊಳಗೆ ಒಡೆಯಿತು.

ಕರ್ನಾಟಕದಲ್ಲಿ ಒಂದು ಕ್ಷೇತ್ರಕ್ಕೆ ಒಬ್ಬನೇ ಶಾಸಕ, ಒಬ್ಬನೇ ಸಂಸದ. ಇಲ್ಲಿ ಮೈತ್ರಿಯೆಂದರೆ ಒಂದು ಪಕ್ಷದ ಕಾರ್ಯಕರ್ತರು ಐದು ವರ್ಷ ಕಟ್ಟಿದ ಕ್ಷೇತ್ರವನ್ನು ಎದುರಾಳಿಗೇ ಬಿಟ್ಟುಕೊಟ್ಟು, ಅವನಿಗಾಗಿ ಓಟು ಕೇಳಬೇಕು. ಈ ಕಷ್ಟದಿಂದಾಗಿ ಸೀಟಿನ ಬದಲು ಬೆಂಬಲ, ಅವಧಿ, ಹುದ್ದೆ ಇವುಗಳನ್ನು ಹಂಚಿಕೊಳ್ಳುವ ದಾರಿಗಳು ಒಂದೊಂದಾಗಿ ಪ್ರಯೋಗಗೊಂಡವು.

ಬಾಹ್ಯ ಬೆಂಬಲದ ಕಾಲ

1983ರ ಜನವರಿಯ ಚುನಾವಣೆಗೆ ಜನತಾ ಪಕ್ಷವು ಕ್ರಾಂತಿರಂಗದೊಂದಿಗೆ ಹೊಂದಾಣಿಕೆ ಮಾಡಿಕೊಂಡು ಇಳಿದು 95 ಸ್ಥಾನ ಗೆದ್ದಿತು. ಕಾಂಗ್ರೆಸ್ 82ಕ್ಕೆ ಇಳಿಯಿತು. ಬಿಜೆಪಿಗೆ 18 ಬಂದವು. 224 ಸದಸ್ಯರ ಸದನದಲ್ಲಿ ಬಹುಮತಕ್ಕೆ ಬೇಕಾದದ್ದು 113, ಅಂದರೆ ಸರಿಯಾಗಿ 95 ಮತ್ತು 18ರ ಮೊತ್ತ. ಬಿಜೆಪಿ ಮತ್ತು ಎಡಪಕ್ಷಗಳು ಹೊರಗಿನಿಂದ ಬೆಂಬಲಿಸಿದವು. ರಾಮಕೃಷ್ಣ ಹೆಗಡೆ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರದ ಮುಖ್ಯಮಂತ್ರಿಯಾದರು. 1984ರ ಲೋಕಸಭಾ ಚುನಾವಣೆಯಲ್ಲಿ ಜನತಾ ಪಕ್ಷ 28ರಲ್ಲಿ ಕೇವಲ 4 ಸ್ಥಾನ ಪಡೆದಾಗ ಹೆಗಡೆ ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಹೋದರು. 1985ರಲ್ಲಿ ಪಕ್ಷಕ್ಕೆ 139 ಸ್ಥಾನ ಸಿಕ್ಕಿ, ಬಾಹ್ಯ ಬೆಂಬಲದ ಹಂಗು ತಪ್ಪಿತು.

ಮುಂದಿನ ಸಮ್ಮಿಶ್ರ ಸರ್ಕಾರಗಳ ಆಟದ ನಿಯಮವನ್ನು ಬರೆದದ್ದೂ ಕರ್ನಾಟಕದ್ದೇ ಪ್ರಕರಣ. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು ವಜಾ ಮಾಡಲಾಯಿತು. ಬಹುಮತದ ಪರೀಕ್ಷೆ ನಡೆಯಬೇಕಾದದ್ದು ರಾಜಭವನದಲ್ಲಲ್ಲ, ಸದನದಲ್ಲಿ ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರಲ್ಲಿ ತೀರ್ಪಿತ್ತಿತು.

1996ರಲ್ಲಿ ಜನತಾದಳ ರಾಜ್ಯದಿಂದ 16 ಸಂಸದರನ್ನು ಕಳಿಸಿತು. ಎಣಿಕೆಯ ನಂತರ ರೂಪುಗೊಂಡ ಸಂಯುಕ್ತ ರಂಗದ ನಾಯಕರಾಗಿ ಮುಖ್ಯಮಂತ್ರಿ ಎಚ್.ಡಿ. ದೇವೇಗೌಡ ಪ್ರಧಾನಿಯಾದರು. ಹನ್ನೊಂದು ತಿಂಗಳೊಳಗೆ ಕಾಂಗ್ರೆಸ್ ಬಾಹ್ಯ ಬೆಂಬಲ ಹಿಂಪಡೆಯಿತು. ಎಣಿಕೆಗೆ ಮೊದಲಿನ ಮೈತ್ರಿ ರಾಜ್ಯದಲ್ಲಿ ಸ್ಪಷ್ಟ ಫಲ ಕೊಟ್ಟದ್ದು 1998ರಲ್ಲಿ. ಹೆಗಡೆಯವರ ಲೋಕಶಕ್ತಿ ಮತ್ತು ಬಿಜೆಪಿ ಸೀಟು ಹಂಚಿಕೊಂಡು ಕ್ರಮವಾಗಿ 3 ಮತ್ತು 13 ಲೋಕಸಭಾ ಸ್ಥಾನಗಳನ್ನು ಗೆದ್ದವು.

ಅವಧಿಯ ಹಂಚಿಕೆ

2004ರಲ್ಲಿ ಬಿಜೆಪಿಗೆ 79, ಕಾಂಗ್ರೆಸ್ಸಿಗೆ 65, ಜೆಡಿಎಸ್‌ಗೆ 58 ಸ್ಥಾನ ಬಂದು ವಿಧಾನಸಭೆ ಅತಂತ್ರವಾಯಿತು. ಕಾಂಗ್ರೆಸ್ಸಿನ ಧರಂ ಸಿಂಗ್ ಮುಖ್ಯಮಂತ್ರಿ, ಆಗ ಜೆಡಿಎಸ್‌ನಲ್ಲಿದ್ದ ಸಿದ್ದರಾಮಯ್ಯ ಉಪಮುಖ್ಯಮಂತ್ರಿ. ಆ ಮೈತ್ರಿ ಮುರಿದು, 2006ರ ಫೆಬ್ರುವರಿಯಲ್ಲಿ ಜೆಡಿಎಸ್‌ನ ಎಚ್.ಡಿ. ಕುಮಾರಸ್ವಾಮಿ ಬಿಜೆಪಿಯೊಂದಿಗೆ ಸೇರಿ ಸರ್ಕಾರ ರಚಿಸಿದರು, ಬಿ.ಎಸ್. ಯಡಿಯೂರಪ್ಪ ಉಪಮುಖ್ಯಮಂತ್ರಿಯಾದರು. ತಲಾ ಇಪ್ಪತ್ತು ತಿಂಗಳ ಅಧಿಕಾರವೆಂಬ ಒಪ್ಪಂದದಿಂದ ಇದಕ್ಕೆ ‘ಟ್ವೆಂಟಿ–ಟ್ವೆಂಟಿ’ ಸರ್ಕಾರವೆಂದೇ ಹೆಸರಾಯಿತು. 2007ರ ಅಕ್ಟೋಬರ್‌ನಲ್ಲಿ ಅಧಿಕಾರ ಹಸ್ತಾಂತರವಾಗಲಿಲ್ಲ. ನವೆಂಬರ್ 12ರಂದು ಪ್ರಮಾಣವಚನ ಸ್ವೀಕರಿಸಿದ ಯಡಿಯೂರಪ್ಪ, ಜೆಡಿಎಸ್ ಬೆಂಬಲ ಸಿಗದೆ ಒಂದು ವಾರದಲ್ಲಿ ರಾಜೀನಾಮೆ ಕೊಟ್ಟರು.

ಮಾರಿಷಸ್‌ನಲ್ಲಿ ಇಂಥದೇ ಒಪ್ಪಂದ ನಡೆದುಹೋಗಿತ್ತು. 2000ದ ಚುನಾವಣೆಗೆ ಮೊದಲೇ ಅನಿರುದ್ಧ್ ಜಗನ್ನಾಥ್ ಮೂರು ವರ್ಷ, ಪಾಲ್ ಬೆರಾಂಜೆ ಎರಡು ವರ್ಷ ಪ್ರಧಾನಿ ಎಂದು ಘೋಷಿಸಲಾಗಿತ್ತು. 2003ರ ಸೆಪ್ಟೆಂಬರ್‌ನಲ್ಲಿ ಕುರ್ಚಿ ಕೈಬದಲಾಯಿಸಿತು. ಅಲ್ಲಿ ಕರಾರು ಮತದಾರನ ಎದುರಿಗೇ ಇತ್ತು. ಇಲ್ಲಿ ಅದು ಇಬ್ಬರು ನಾಯಕರ ನಡುವಿನ ಮಾತಾಗಿತ್ತು.

2008ರಲ್ಲಿ 110 ಸ್ಥಾನ ಗೆದ್ದ ಬಿಜೆಪಿ ಪಕ್ಷೇತರರ ನೆರವಿನಿಂದ ಸರ್ಕಾರ ರಚಿಸಿತು. ಬಳಿಕ ಬೇರೆ ಪಕ್ಷಗಳ ಶಾಸಕರಿಂದ ರಾಜೀನಾಮೆ ಕೊಡಿಸಿ, ಉಪಚುನಾವಣೆಯಲ್ಲಿ ತನ್ನ ಚಿಹ್ನೆಯಡಿ ನಿಲ್ಲಿಸುವ ‘ಆಪರೇಷನ್ ಕಮಲ’ ಶುರುವಾಯಿತು. ರಾಜೀನಾಮೆಗೆ ಪಕ್ಷಾಂತರ ನಿಷೇಧ ಕಾಯ್ದೆ ನೇರವಾಗಿ ಅಡ್ಡಬರುತ್ತಿರಲಿಲ್ಲ. ಬೆಂಗಳೂರು ಪಶ್ಚಿಮದ ಗೋವಿಂದರಾಜನಗರದಲ್ಲಿ ಈ ತಂತ್ರ ಫಲಿಸಲಿಲ್ಲ. 2008ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದಿದ್ದ ವಿ. ಸೋಮಣ್ಣ ಬಿಜೆಪಿ ಸೇರಿ, 2009ರ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನ ಪ್ರಿಯಾ ಕೃಷ್ಣ ಅವರೆದುರು ಸೋತರು.

ಪಾಲಿಕೆಯ ದಾರಿ

ಹುದ್ದೆ ಹಂಚಿಕೆಯ ಮೈತ್ರಿ ಹೆಚ್ಚು ಕಾಲ ನಿಂತದ್ದು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ. 2015ರ ಆಗಸ್ಟ್‌ನಲ್ಲಿ 198 ವಾರ್ಡುಗಳ ಪೈಕಿ ಬಿಜೆಪಿ 100, ಕಾಂಗ್ರೆಸ್ 76, ಜೆಡಿಎಸ್ 14, ಪಕ್ಷೇತರರೂ ಸೇರಿ ಇತರರು 8 ಕಡೆ ಗೆದ್ದರು. ಕಾರ್ಪೊರೇಟರ್‌ಗಳಷ್ಟೇ ಎಣಿಕೆಗೆ ಬಂದಿದ್ದರೆ ಬಿಜೆಪಿಗೆ ಬಹುಮತವಿತ್ತು. ಆದರೆ ಮೇಯರ್ ಆಯ್ಕೆಯಲ್ಲಿ ನಗರದ ಶಾಸಕರು, ಸಂಸದರು, ವಿಧಾನ ಪರಿಷತ್ ಸದಸ್ಯರಿಗೂ ಮತವಿತ್ತು. ಆ ಮತಗಳನ್ನು ಕೂಡಿಸಿಕೊಂಡು ಕಾಂಗ್ರೆಸ್, ಜೆಡಿಎಸ್ ಮತ್ತು ಪಕ್ಷೇತರರು ಆಡಳಿತ ಹಿಡಿದರು.

ಒಪ್ಪಂದ ಸರಳವಾಗಿತ್ತು: ಮೇಯರ್ ಕಾಂಗ್ರೆಸ್ಸಿನವರು, ಉಪಮೇಯರ್ ಜೆಡಿಎಸ್‌ನವರು, ಸ್ಥಾಯಿ ಸಮಿತಿಗಳಲ್ಲಿ ಎಲ್ಲರಿಗೂ ಪಾಲು. ಪಶ್ಚಿಮ ಬೆಂಗಳೂರಿಗೆ ಇದರಲ್ಲಿ ದೊಡ್ಡ ಪಾಲೇ ಬಂತು. 2015ರ ಉಪಮೇಯರ್ ಹೇಮಲತಾ ವೃಷಭಾವತಿನಗರ ವಾರ್ಡಿನವರು. 2016ರ ಮೇಯರ್ ಜಿ. ಪದ್ಮಾವತಿ ರಾಜಾಜಿನಗರದ ಪ್ರಕಾಶನಗರದವರು. 2018ರ ಉಪಮೇಯರ್ ರಮೀಳಾ ಉಮಾಶಂಕರ್ ಕಾವೇರಿಪುರದವರು. ವರ್ಷಕ್ಕೊಮ್ಮೆ ಹೊಸ ಮೇಯರ್ ಬರುವ ಪದ್ಧತಿಯಿಂದ ಯಾರ ಪಾಳಿಯೂ ದೀರ್ಘವಾಗಲಿಲ್ಲ, ಕಾಯುವವರ ಸಂಖ್ಯೆಯೂ ಬೆಳೆಯಲಿಲ್ಲ. ನಾಲ್ಕು ಸಾಲಿನ ಮೇಯರ್‌ಗಳನ್ನು ಕಂಡ ಈ ಮೈತ್ರಿ, 2019ರ ಅಕ್ಟೋಬರ್ 1ರಂದು ಬಿಜೆಪಿಯ ಗೌತಮ್ ಕುಮಾರ್ ಮೇಯರ್ ಆದಾಗ ಕೊನೆಗೊಂಡಿತು.

ದೋಸ್ತಿ ಸರ್ಕಾರ

2018ರ ಮೇ ಫಲಿತಾಂಶದಲ್ಲಿ ಬಿಜೆಪಿಗೆ 104, ಕಾಂಗ್ರೆಸ್ಸಿಗೆ 78, ಜೆಡಿಎಸ್‌ಗೆ 37. ಕಾಂಗ್ರೆಸ್ ಶಾಸಕರನ್ನು ಹೊತ್ತ ಬಸ್ಸುಗಳು ಮೈಸೂರು ರಸ್ತೆಯಲ್ಲಿ ಕೆಂಗೇರಿ ದಾಟಿ ಬಿಡದಿಯ ರೆಸಾರ್ಟಿಗೆ ಸಾಗಿದವು, ಅಲ್ಲಿಂದ ಹೈದರಾಬಾದಿಗೆ. ಪ್ರಮಾಣವಚನ ಸ್ವೀಕರಿಸಿದ್ದ ಯಡಿಯೂರಪ್ಪ ಮೇ 19ರಂದು ವಿಶ್ವಾಸಮತಕ್ಕೆ ಮೊದಲೇ ರಾಜೀನಾಮೆ ಕೊಟ್ಟರು. 23ರಂದು ಕುಮಾರಸ್ವಾಮಿ ಮುಖ್ಯಮಂತ್ರಿ, ಜಿ. ಪರಮೇಶ್ವರ ಉಪಮುಖ್ಯಮಂತ್ರಿಯಾದರು.

ಐದೇ ದಿನಗಳಲ್ಲಿ ಈ ದೋಸ್ತಿಯ ಮಿತಿ ಬಯಲಾಯಿತು. ಮತದಾರರ ಗುರುತಿನ ಚೀಟಿಗಳು ರಾಶಿಯಾಗಿ ಸಿಕ್ಕ ಕಾರಣ ಮುಂದೂಡಿದ್ದ ರಾಜರಾಜೇಶ್ವರಿನಗರದ ಮತದಾನ ಮೇ 28ಕ್ಕೆ ನಡೆಯಿತು. ವಿಧಾನಸೌಧದಲ್ಲಿ ಜೊತೆಯಾಗಿದ್ದ ಎರಡೂ ಪಕ್ಷಗಳು ಇಲ್ಲಿ ಎದುರುಬದುರಾದವು; ಕಾಂಗ್ರೆಸ್ಸಿನ ಮುನಿರತ್ನ ಗೆದ್ದರು. 2019ರ ಲೋಕಸಭೆಗೆ ಸೀಟು ಹಂಚಿಕೆಯೇನೋ ಆಯಿತು: ಕಾಂಗ್ರೆಸ್ 21, ಜೆಡಿಎಸ್ 7. ಆದರೆ ನಾಯಕರು ಹೇಳಿದಷ್ಟು ಸುಲಭವಾಗಿ ಮತ ವರ್ಗಾವಣೆಯಾಗಲಿಲ್ಲ. ಎರಡೂ ಪಕ್ಷಗಳಿಗೆ ತಲಾ ಒಂದೇ ಸ್ಥಾನ ಸಿಕ್ಕಿತು. ತುಮಕೂರಿನಲ್ಲಿ ದೇವೇಗೌಡರೇ ಸೋತರು.

ಜುಲೈ 23ರಂದು ಸರ್ಕಾರ 99–105ರಿಂದ ವಿಶ್ವಾಸಮತ ಕಳೆದುಕೊಂಡಿತು. ಸರ್ಕಾರದ ವಿರುದ್ಧ ಬಂಡೆದ್ದು ಅನರ್ಹಗೊಂಡ 17 ಶಾಸಕರಲ್ಲಿ ಮೂವರು ಪಶ್ಚಿಮ ಬೆಂಗಳೂರಿನವರು: ಕೆಂಗೇರಿಯನ್ನೊಳಗೊಂಡ ಯಶವಂತಪುರದ ಎಸ್.ಟಿ. ಸೋಮಶೇಖರ್, ಮಹಾಲಕ್ಷ್ಮಿ ಬಡಾವಣೆಯ ಕೆ. ಗೋಪಾಲಯ್ಯ, ಮುನಿರತ್ನ. ಅನರ್ಹತೆಯನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದರೂ ಸ್ಪರ್ಧೆಗೆ ಅವಕಾಶ ಕೊಟ್ಟಿತು. ಮೂವರೂ ಉಪಚುನಾವಣೆಗಳಲ್ಲಿ ಬಿಜೆಪಿಯಿಂದ ಗೆದ್ದರು.

2023ರ ನಂತರ

2023ರಲ್ಲಿ ಕಾಂಗ್ರೆಸ್ 135 ಸ್ಥಾನ ಗೆದ್ದು, ರಾಜ್ಯದ ಅಧಿಕಾರಕ್ಕೆ ಮೈತ್ರಿಯ ಅಗತ್ಯ ಬೀಳಲಿಲ್ಲ. 19ಕ್ಕೆ ಕುಸಿದ ಜೆಡಿಎಸ್ ಸೆಪ್ಟೆಂಬರ್‌ನಲ್ಲಿ ಎನ್‌ಡಿಎ ಸೇರಿತು. 2024ರ ಲೋಕಸಭೆಗೆ ಬಿಜೆಪಿ 25, ಜೆಡಿಎಸ್ 3 ಕಡೆ ನಿಂತು ಕ್ರಮವಾಗಿ 17 ಮತ್ತು 2 ಗೆದ್ದವು. ಪಶ್ಚಿಮ ಬೆಂಗಳೂರು ನಾಲ್ಕು ಲೋಕಸಭಾ ಕ್ಷೇತ್ರಗಳಿಗೆ ಹರಿದುಹಂಚಿಹೋಗಿದೆ: ಬಸವೇಶ್ವರನಗರವೂ ಸೇರಿದ ರಾಜಾಜಿನಗರ ಬೆಂಗಳೂರು ಕೇಂದ್ರಕ್ಕೆ, ವಿಜಯನಗರ ಮತ್ತು ಗೋವಿಂದರಾಜನಗರ ದಕ್ಷಿಣಕ್ಕೆ, ಕೆಂಗೇರಿ ಉತ್ತರಕ್ಕೆ, ರಾಜರಾಜೇಶ್ವರಿನಗರ ಗ್ರಾಮಾಂತರಕ್ಕೆ. ನಾಲ್ಕರಲ್ಲೂ ಮೈತ್ರಿಕೂಟವೇ ಗೆದ್ದಿತು. ಗ್ರಾಮಾಂತರದಲ್ಲಿ ದೇವೇಗೌಡರ ಅಳಿಯ ಡಾ. ಸಿ.ಎನ್. ಮಂಜುನಾಥ್ ಬಿಜೆಪಿ ಚಿಹ್ನೆಯಡಿ ನಿಂತದ್ದರಿಂದ, ಅಲ್ಲಿ ಯಾವ ಪಕ್ಷ ಯಾರಿಗೆ ಸೀಟು ಬಿಟ್ಟುಕೊಟ್ಟಿತೆಂಬ ಪ್ರಶ್ನೆಯೇ ಉಳಿಯಲಿಲ್ಲ.