ಸೇಂಟ್ ಜೇಮ್ಸ್ ಬೀದಿಯ ಪಥ್ಯ

ಲಂಡನ್ ನಗರದ ಪಿಕಡಿಲಿಯಿಂದ ದಕ್ಷಿಣಕ್ಕಿಳಿದು ಹಳೆಯ ಅರಮನೆಯ ಹೆಬ್ಬಾಗಿಲಿನೆದುರು ಮುಗಿಯುವ ಸೇಂಟ್ ಜೇಮ್ಸ್ ಬೀದಿಯು ಉದ್ದದಲ್ಲಿ ಅಲ್ಪವಾದುದು. ಆದರೆ ಉಂಡು, ಕುಡಿದು, ಜೂಜಾಡುವುದನ್ನೇ ನಿತ್ಯವಿಧಿಯಾಗಿಸಿಕೊಂಡಿದ್ದ ಸಿರಿವಂತರ ವೈಟ್ಸ್, ಬ್ರೂಕ್ಸ್, ಬೂಡಲ್ಸ್ ಮೊದಲಾದ ಕ್ಲಬ್ಬುಗಳು ನೆಲೆಗೊಂಡಿದ್ದ ಈ ಬೀದಿಗೆ, ಮೈಯನ್ನು ತೂಗಿ, ತೂಕವನ್ನು ಬರೆದಿಟ್ಟು, ಅನಂತರ ಇಳಿಸಿಕೊಳ್ಳುವ ಆಧುನಿಕ ಪದ್ಧತಿಯ ಚರಿತ್ರೆಯಲ್ಲಿ ಯಾವ ವೈದ್ಯಶಾಲೆಗೂ ಸಲ್ಲದ ಸ್ಥಾನವೊಂದು ಸಲ್ಲುತ್ತದೆ. ಬೋರ್ನ್ ಎಂಬ ವಿಧವೆಯೊಬ್ಬಳು 1698ರಲ್ಲಿ ಇಲ್ಲಿ ದಿನಸಿಯ ಅಂಗಡಿಯನ್ನು ತೆರೆದಳು. ಕಾಲಾಂತರದಲ್ಲಿ ಬೆರಿ ಮನೆತನದವರ ಕೈಸೇರಿ ಮದ್ಯವ್ಯಾಪಾರಕ್ಕೆ ಹೆಸರಾದ ಆ ಅಂಗಡಿಯಲ್ಲಿ ಕಾಫಿಬೀಜದ ಮೂಟೆಗಳನ್ನು ತೂಗಲು ದೊಡ್ಡದೊಂದು ತಕ್ಕಡಿಯಿದ್ದಿತು. 1765ರಿಂದೀಚೆಗೆ ಗಿರಾಕಿಗಳು ಆ ತಕ್ಕಡಿಯಲ್ಲಿ ತಾವೇ ಕುಳಿತು ತೂಗಿಸಿಕೊಳ್ಳತೊಡಗಿದರು. ಅಂಗಡಿಯವರು ಹೆಸರು, ದಿನಾಂಕ, ತೂಕಗಳನ್ನು ಬರೆದು, ಬೂಟು ತೊಟ್ಟಿದ್ದರೆ ಅದನ್ನೂ ಮರೆಯದೆ ನಮೂದಿಸಿ, ಹೊತ್ತಗೆಗಳಲ್ಲಿ ಕಾಪಿಟ್ಟರು. ಸೊಗಸುಗಾರ ಬ್ರಮ್ಮೆಲ್ ಇಲ್ಲಿಗೆ ಮತ್ತೆ ಮತ್ತೆ ಬರುತ್ತಿದ್ದನು. ಬೊಜ್ಜಿನ ಭಯದಿಂದ ಬಿಸ್ಕತ್ತು ಮತ್ತು ಸೋಡಾನೀರಿನಲ್ಲಿ ದಿನ ನೂಕುತ್ತಿದ್ದನೆಂದು ಹೆಸರಾದ ಕವಿ ಬೈರನ್ನನೂ ಬಂದನು.

ಆದರೂ ಆ ಕಾಲದ ತೂಕವು ಕುತೂಹಲದ ಸಂಗತಿಯಾಗಿತ್ತೇ ಹೊರತು ಚಿಕಿತ್ಸೆಯ ಅಂಗವಾಗಿರಲಿಲ್ಲ. 1806ರಲ್ಲಿ, ಹತ್ತಿರದ ಪಿಕಡಿಲಿಯಲ್ಲೇ, ಲೆಸ್ಟರಿನ ಸೆರೆಮನೆಯ ಮಾಜಿ ಅಧಿಕಾರಿ ಡೇನಿಯಲ್ ಲ್ಯಾಂಬರ್ಟನು ಕೊಠಡಿಯೊಂದನ್ನು ಹಿಡಿದು, ಒಂದು ಶಿಲಿಂಗ್ ಕೊಟ್ಟವರಿಗೆ ದರ್ಶನವೀಯುತ್ತಿದ್ದನು. ನೋಡಬಂದ ಕುಲೀನರು ಅವನೊಡನೆ ಗೌರವದಿಂದಲೇ ಸಂಭಾಷಿಸಿ ಹೋಗುತ್ತಿದ್ದರು. 1809ರಲ್ಲಿ ಅವನು ತೀರಿಕೊಂಡಾಗ ದೇಹದ ತೂಕ 739 ಪೌಂಡು, ಎಂದರೆ ಸುಮಾರು 335 ಕಿಲೋಗ್ರಾಂ. ಶವಪೆಟ್ಟಿಗೆಗೆ ಚಕ್ರಗಳನ್ನು ಜೋಡಿಸಿ ಉರುಳಿಸಿಕೊಂಡು ಹೋಗಬೇಕಾಯಿತು.

ಸ್ಥೌಲ್ಯವು ಪ್ರದರ್ಶನವಾಗುವುದು ನಿಂತು, ಒಬ್ಬೊಬ್ಬನೂ ತನಗೆ ತಾನೇ ಕೊಟ್ಟುಕೊಳ್ಳಬೇಕಾದ ಲೆಕ್ಕವಾಗಿ ಮಾರ್ಪಟ್ಟುದಕ್ಕೆ ಕಾರಣನಾದವನು ಇದೇ ಸೇಂಟ್ ಜೇಮ್ಸ್ ಬೀದಿಯ ವರ್ತಕನೊಬ್ಬನೆಂಬುದೂ, ಅವನ ಮನೆತನದ ಕಸುಬು ಶವಪೆಟ್ಟಿಗೆ ಮಾಡಿಸಿ ಅಂತ್ಯಸಂಸ್ಕಾರದ ವ್ಯವಸ್ಥೆ ನೋಡುವುದಾಗಿತ್ತೆಂಬುದೂ ವಿಧಿಯ ವಿನೋದವೇ ಸರಿ. ಬ್ಯಾಂಟಿಂಗ್ ಮನೆತನದವರು 1820ರಲ್ಲಿ ಮೂರನೆಯ ಜಾರ್ಜ್ ದೊರೆಯ ಅಂತ್ಯಯಾತ್ರೆಯನ್ನೂ, 1852ರಲ್ಲಿ ವೆಲಿಂಗ್ಟನ್ ಡ್ಯೂಕನ ಅಂತ್ಯಯಾತ್ರೆಯನ್ನೂ ನಿರ್ವಹಿಸಿದವರು. ಆ ಮನೆಯ ವಿಲಿಯಂ ಬ್ಯಾಂಟಿಂಗ್ ವ್ಯಾಪಾರದಿಂದ ನಿವೃತ್ತನಾಗಿ ಅರವತ್ತಾರರ ಹೊಸ್ತಿಲಲ್ಲಿದ್ದಾಗ, ಐದಡಿ ಐದಂಗುಲದ ಅವನ ಮೈ 202 ಪೌಂಡು, ಸುಮಾರು 92 ಕಿಲೋಗ್ರಾಂ, ತೂಗುತ್ತಿತ್ತು. ಬಗ್ಗಿ ಪಾದರಕ್ಷೆಯ ದಾರವನ್ನು ಕಟ್ಟಿಕೊಳ್ಳುವುದು ಅವನಿಂದಾಗದು. ಮೊಣಕಾಲು, ಹರಡುಗಳ ಮೇಲೆ ಭಾರ ಬೀಳದಂತೆ ಮೆಟ್ಟಿಲುಗಳನ್ನು ಹಿಮ್ಮುಖವಾಗಿ, ಒಂದೊಂದಾಗಿ ಇಳಿಯುತ್ತಿದ್ದನು. ವೈದ್ಯರು ಹೇಳಿದುದೆಲ್ಲವನ್ನೂ ಅವನು ಶ್ರದ್ಧೆಯಿಂದ ಮಾಡಿದ್ದನು. ಮುಂಜಾನೆ ಎರಡು ತಾಸು ದೋಣಿಯ ಹುಟ್ಟು ಹಾಕಿದನು. ತೋಳಿಗೆ ಬಲ ಬಂದಿತು, ಜೊತೆಗೆ ಪ್ರಚಂಡವಾದ ಹಸಿವೂ ಬಂದಿತು, ಹಸಿವನ್ನು ತಣಿಸಿದಂತೆಲ್ಲ ಮೈಯೂ ಏರಿತು. ಸಮುದ್ರಸ್ನಾನ, ಕುದುರೆ ಸವಾರಿ, ಚೆಲ್ಟನ್‌ಹ್ಯಾಮ್, ಹ್ಯಾರೊಗೇಟ್‌ಗಳ ಖನಿಜಜಲ, ಟರ್ಕಿ ಮಾದರಿಯ ಹಬೆಸ್ನಾನ, ಬಾಟಲಿಗಟ್ಟಲೆ ಕ್ಷಾರೌಷಧ, ಯಾವುದಕ್ಕೂ ದೇಹವು ಜಗ್ಗಲಿಲ್ಲ.

ಕಡೆಗೆ ಅವನನ್ನು ಉಳಿಸಿದುದು ಕಿವಿ. 1862ರ ಆಗಸ್ಟ್ ತಿಂಗಳಲ್ಲಿ, ಶ್ರವಣಶಕ್ತಿ ಮಂದವಾಗುತ್ತಿದೆಯೆಂದು ಅವನು ಕಂಡದ್ದು ವಿಲಿಯಂ ಹಾರ್ವೆ ಎಂಬ ಕಿವಿಯ ವೈದ್ಯನನ್ನು. (ರಕ್ತಪರಿಚಲನೆಯನ್ನು ಕಂಡುಹಿಡಿದ ಹಾರ್ವೆ ಬೇರೆ, ಇವನು ಅವನ ನಾಮಧಾರಿಯಷ್ಟೆ.) ಈ ಹಾರ್ವೆ 1856ರಲ್ಲಿ ಪ್ಯಾರಿಸ್ಸಿಗೆ ಹೋಗಿ, ಯಕೃತ್ತಿನಲ್ಲಿ ಸಕ್ಕರೆ ಉತ್ಪನ್ನವಾಗುವ ಬಗೆಯನ್ನು ಶರೀರಕ್ರಿಯಾವಿಜ್ಞಾನಿ ಕ್ಲೋದ್ ಬರ್ನಾರನ ಬಾಯಿಂದಲೇ ಕೇಳಿ ಬಂದಿದ್ದನು. ಸಿಹಿಮೂತ್ರರೋಗಿಗಳಿಗೆ ವರ್ಜ್ಯವಾದ ಸಕ್ಕರೆ ಮತ್ತು ಪಿಷ್ಟಗಳು ಮೇದಸ್ಸಿಗೂ ಕಾರಣವಾಗಿರಬೇಕೆಂದು ತರ್ಕಿಸಿ, ಈ ರೋಗಿಯ ಕಿವಿಯನ್ನು ಒಳಗಿನಿಂದ ಒತ್ತುತ್ತಿರುವುದು ಕೊಬ್ಬೇ ಎಂದು ನಿರ್ಣಯಿಸಿದನು. ರೊಟ್ಟಿ, ಬೆಣ್ಣೆ, ಹಾಲು, ಸಕ್ಕರೆ, ಬಿಯರ್, ಆಲೂಗಡ್ಡೆ, ಇಷ್ಟನ್ನು ಆದಷ್ಟೂ ಬಿಡತಕ್ಕದ್ದು. ಉಳಿದುದನ್ನು ನೋಡಿದರೆ ನಮ್ಮವರ ಕಣ್ಣಿಗೆ ಇದು ಪಥ್ಯವೆನಿಸುವುದಕ್ಕಿಂತ ಔತಣವೆನಿಸೀತು: ಬೆಳಗ್ಗೆ ನಾಲ್ಕೈದು ಔನ್ಸು ಮಾಂಸವೋ ಮೀನೋ, ಹಾಲುಸಕ್ಕರೆಯಿಲ್ಲದ ಚಹ, ಒಂದು ಔನ್ಸು ಒಣ ಟೋಸ್ಟು, ಮಧ್ಯಾಹ್ನ ಮೀನು, ಮಾಂಸ, ಆಲೂಗಡ್ಡೆಯ ಹೊರತು ಯಾವುದಾದರೊಂದು ತರಕಾರಿ, ಎರಡು ಮೂರು ಲೋಟ ದ್ರಾಕ್ಷಾಮದ್ಯ, ಸಂಜೆ ಹಣ್ಣು, ರಾತ್ರಿ ಮತ್ತೆ ಮಾಂಸ, ಮತ್ತೆ ಮದ್ಯ, ಮಲಗುವಾಗ ಬೇಕೆನಿಸಿದರೆ ಸಕ್ಕರೆ ಬೆರೆಸದ ಜಿನ್ ಅಥವಾ ಬ್ರಾಂದಿ. ವರ್ಷವೊಂದರಲ್ಲಿ 46 ಪೌಂಡು, ಎಂದರೆ ಹತ್ತಿರಹತ್ತಿರ 21 ಕಿಲೋಗ್ರಾಂ ಇಳಿಯಿತು. ಸೊಂಟ ಹನ್ನೆರಡು ಅಂಗುಲ ಕುಗ್ಗಿತು. ಕಿವಿಯೂ ಕೇಳಿಸಿತು.

ಬ್ಯಾಂಟಿಂಗನ ಹಿರಿಮೆ ಈ ಪಥ್ಯದಲ್ಲಿಲ್ಲ. ಅದು ಅವನದೂ ಅಲ್ಲ. ಪಿಷ್ಟವೇ ಸ್ಥೌಲ್ಯದ ಮೂಲವೆಂದು ಫ್ರಾನ್ಸಿನ ಬ್ರಿಯಾ-ಸವಾರಿನ್ 1825ರಷ್ಟು ಹಿಂದೆಯೇ ಬರೆದಿದ್ದನು; ನಮ್ಮ ಚರಕಸಂಹಿತೆಯು ನಿಂದಿತರಾದ ಎಂಟು ಬಗೆಯ ಪುರುಷರಲ್ಲಿ ಅತಿಸ್ಥೂಲನನ್ನೂ ಅತಿಕೃಶನನ್ನೂ ವಿಶೇಷವಾಗಿ ವಿಚಾರಿಸಿ, ಇವರಲ್ಲಿ ಸ್ಥೂಲನ ಚಿಕಿತ್ಸೆಯೇ ಕಠಿನತರವೆಂದು ಹೇಳಿ, ಜವೆಗೋದಿ, ಮಜ್ಜಿಗೆ, ಜೇನುನೀರುಗಳನ್ನು ವಿಧಿಸಿದ್ದುದು ಅದಕ್ಕೂ ಬಹು ಪ್ರಾಚೀನ. ಆದರೆ ಅಲ್ಲೆಲ್ಲ ಮಾತಾಡುವವನು ಬಲ್ಲವನು, ಕೇಳುವವನು ಸ್ಥೂಲನು. ಇಲ್ಲಿ ಸ್ಥೂಲನೇ ಬಾಯಿಬಿಟ್ಟನು. 1863ರಲ್ಲಿ ಬ್ಯಾಂಟಿಂಗನು ಸ್ಥೌಲ್ಯವನ್ನು ಕುರಿತು ಸಾರ್ವಜನಿಕರಿಗೊಂದು ಪತ್ರವೆಂಬ ಚಿಕ್ಕ ಹೊತ್ತಗೆಯನ್ನು ಸ್ವಂತ ಖರ್ಚಿನಲ್ಲಿ ಅಚ್ಚುಹಾಕಿಸಿ ಹಂಚಿದನು. ಇಂತಿಂಥ ದಿನಾಂಕಕ್ಕೆ ತೂಕ ಇಂತಿಷ್ಟು ಎಂದು ವರ್ತಕನ ಖಾತೆಯಂತೆ ಪಟ್ಟಿಮಾಡಿದನು. ಬೀದಿಯಲ್ಲಿ ಜನ ನಕ್ಕುದು, ಗಾಡಿಯಲ್ಲಿ ಪಕ್ಕದವರು ಮುಖ ಸಿಂಡರಿಸಿದುದು, ಇಂಥವನ್ನೂ ಬಚ್ಚಿಡಲಿಲ್ಲ. ವರ್ಜಿಸಿದ ಪದಾರ್ಥಗಳನ್ನು ಅವನು ಕುದುರೆಗೆ ಹಾಕುವ ಕಾಳಿಗೆ ಹೋಲಿಸಿದನು: ಅಪರೂಪಕ್ಕೆ ಅದು ಹಿತ, ನಿತ್ಯದ ಆಹಾರವಾದರೆ ಅಹಿತ. ಹುರುಳಿ ತಿನ್ನಿಸಿ ಕುದುರೆ ಸಾಕಿದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪುಸ್ತಕ ಮುದ್ರಣದ ಮೇಲೆ ಮುದ್ರಣ ಕಂಡಿತು. ಬಂದ ಲಾಭವನ್ನು ಅವನು ಧರ್ಮಕಾರ್ಯಗಳಿಗೆ ಕೊಟ್ಟನು. ವೈದ್ಯರು ಸಿಟ್ಟಾದರು. 1864ರಲ್ಲಿ ಲ್ಯಾನ್ಸೆಟ್ ಪತ್ರಿಕೆಯು, ವೈದ್ಯಸಾಹಿತ್ಯದಲ್ಲಿ ಕೈಯಾಡಿಸದೆ ತನ್ನ ಕೆಲಸ ತಾನು ನೋಡಿಕೊಳ್ಳಬೇಕೆಂದು ಅವನಿಗೆ ಬುದ್ಧಿ ಹೇಳಿತು. ಆದರೆ ಓದುಗರು ಸಿದ್ಧರಾಗಿದ್ದರು. 1846ರಲ್ಲಿ ಧಾನ್ಯದ ಸುಂಕದ ಕಾನೂನು ರದ್ದಾಗಿ, ಸಕ್ಕರೆಯ ಸುಂಕವೂ ಅದೇ ವರ್ಷದಿಂದ ಸಡಿಲವಾಗುತ್ತ ಬಂದು, ಹಾರ್ವೆ ಬಿಡಹೇಳಿದ ರೊಟ್ಟಿಯೂ ಸಕ್ಕರೆಯೂ ಅಗ್ಗವಾಗಿದ್ದುವು. ಆ ಸಕ್ಕರೆಯ ಒಂದು ಭಾಗವನ್ನು ಮಾರಿಷಸ್ಸಿನ ಕಬ್ಬಿನ ತೋಟಗಳಲ್ಲಿ ಬೆವರು ಸುರಿಸಿ ಬೆಳೆದವರು ಭಾರತದಿಂದ ಕರಾರಿನ ಮೇಲೆ ಹೋದ ಕೂಲಿಗಳು. ಬ್ಯಾಂಟಿಂಗನ ಪುಸ್ತಕ ಲಂಡನ್ನಿನಲ್ಲಿ ಕೈಯಿಂದ ಕೈಗೆ ಹೋಗುತ್ತಿದ್ದಾಗಲೇ, 1866ರಲ್ಲಿ, ಅದೇ ಸಾಮ್ರಾಜ್ಯದ ಒಡಿಶಾದಲ್ಲಿ ಲಕ್ಷೋಪಲಕ್ಷ ಜನ ಅನ್ನವಿಲ್ಲದೆ ಸತ್ತರು. ಇದಕ್ಕೆ ಅವನನ್ನು ದೂರುವುದು ನ್ಯಾಯವಲ್ಲ. ಆದರೆ ಎರಡನ್ನೂ ಒಂದೇ ಪುಟದಲ್ಲಿ ಬರೆಯದ ಚರಿತ್ರೆಕಾರರ ವಿಷಯದಲ್ಲಿ ನನಗೆ ಅಸಮಾಧಾನವುಂಟು.

ನಿಜವಾಗಿ ಕಷ್ಟಕ್ಕೆ ಸಿಕ್ಕಿದವನು ಹಾರ್ವೆ. ಪಥ್ಯವು ಏಕೆ ಫಲಿಸಿತೆಂಬುದಕ್ಕೆ ಸಹೋದ್ಯೋಗಿಗಳು ಒಪ್ಪುವಂಥ ಕಾರಣವನ್ನು ಅವನಿಂದ ಕೊಡಲಾಗಲಿಲ್ಲ. ಬಹುಕಾಲ ಪರಿಹಾಸಕ್ಕೆ ಗುರಿಯಾಗಿ, 1872ರಲ್ಲಿ ತನ್ನದೇ ಗ್ರಂಥವೊಂದನ್ನು ಬರೆದನು. ಹತ್ತು ವರ್ಷಗಳ ಮೇಲೆ ಜರ್ಮನಿಯ ವಿಲ್ಹೆಲ್ಮ್ ಎಬ್‌ಸ್ಟೈನನು ಪಿಷ್ಟ, ಸಕ್ಕರೆಗಳ ನಿಷೇಧವನ್ನು ಹಾಗೆಯೇ ಇಟ್ಟುಕೊಂಡು, ಕೊಬ್ಬಿನ ಪದಾರ್ಥಗಳನ್ನು ಮಾತ್ರ ಧಾರಾಳವಾಗಿ ತಿನ್ನಬಹುದೆಂದು ಸಾರಿದನು. ಪಂಡಿತರು ಅಲ್ಲಿಂದ ಎರಡು ಪಕ್ಷವಾದರು. ಬ್ಯಾಂಟಿಂಗನಾದರೋ ಈ ವಿವಾದಕ್ಕೆ ಕಾಯಲಿಲ್ಲ. 1878ರ ಮಾರ್ಚ್ ತಿಂಗಳಲ್ಲಿ, ತನ್ನ ಎಂಬತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡನು. ಅವನ ಶವಪೆಟ್ಟಿಗೆಗೆ ಚಕ್ರ ಬೇಕಾಗಲಿಲ್ಲ.