ಜೀಪಿನ ಕಮಾನು ಪಟ್ಟಿ ಮತ್ತು ನಮ್ಮ ಸೊಂಟ

ರಾಯಚೂರಿನಿಂದ ದೇವದುರ್ಗಕ್ಕೋ ಮಾನ್ವಿಗೋ ಜೀಪಿನ ಹಿಂದಿನ ಸೀಟಲ್ಲಿ ಕೂತು ಹೋದವರಿಗೆ ಸಸ್ಪೆನ್ಷನ್ ಅಂದ್ರೆ ಏನು ಅಂತ ವಿವರಿಸಬೇಕಿಲ್ಲ. ಅದು ಸರಿಯಿಲ್ಲದಿದ್ರೆ ಏನಾಗುತ್ತೆ ಅನ್ನೋದು ಅವರ ಸೊಂಟಕ್ಕೆ ಗೊತ್ತು :-) ನಮ್ಮದು ಎರೆಮಣ್ಣಿನ ಸೀಮೆ. ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಬಿರಿಯುತ್ತೆ. ಅದರ ಮೇಲಿನ ರಸ್ತೆ ಗುಂಡಿ ಬೀಳೋದಷ್ಟೇ ಅಲ್ಲ, ಅಲೆ ಅಲೆಯಾಗಿ ಏಳುತ್ತೆ.

ಚಕ್ಕಡಿಗೆ ಸ್ಪ್ರಿಂಗೇ ಇರಲಿಲ್ಲ. ಹುಲ್ಲು ಹಾಸಿ, ಮೇಲೊಂದು ಕೌದಿ ಹಾಕಿದರೆ ಅದೇ ಸಸ್ಪೆನ್ಷನ್. ಆಮೇಲೆ ಬಂದದ್ದು ಜೀಪು. 1941ರಲ್ಲಿ ಅಮೆರಿಕದ ಸೈನ್ಯಕ್ಕಾಗಿ ತಯಾರಾದ ವಿಲ್ಲೀಸ್ ಜೀಪಿಗೆ ಸರ್ಕಾರಿ ದಾಖಲೆಯಲ್ಲಿದ್ದ ಹೆಸರು ಕಾಲು ಟನ್ನಿನ ಟ್ರಕ್ಕು. ಅಂದ್ರೆ ಅದು ಹುಟ್ಟಿದ್ದೇ ಭಾರ ಹೊರೋದಕ್ಕೆ, ನಾಲ್ಕೂ ಚಕ್ರಕ್ಕೆ ಕಮಾನು ಪಟ್ಟಿ ಕಟ್ಟಿಕೊಂಡು. 1947ರಲ್ಲಿ ಮಹೀಂದ್ರಾದವರು ಮುಂಬಯಿಯಲ್ಲಿ ಅದನ್ನು ಜೋಡಿಸಲು ಶುರು ಮಾಡಿದಾಗ ರಾಯಚೂರು ಇನ್ನೂ ನಿಜಾಮರ ರಾಜ್ಯದಲ್ಲಿತ್ತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಮಾನ್ವಿ ಕಡೆಗೆ ಬಂತು. ನಾರಾಯಣಪುರದ ಬಲದಂಡೆ ಕಾಲುವೆ ದೇವದುರ್ಗ ಮುಟ್ಟಿದ್ದು ಎಷ್ಟೋ ವರ್ಷ ತಡವಾಗಿ. ಕಾಲುವೆ ಏರಿಯ ಮೇಲೆ ಓಡಾಡೋಕೆ ಜೀಪಿಗಿಂತ ಒಳ್ಳೆ ಗಾಡಿ ಇರಲಿಲ್ಲ, ಅದಂತೂ ನಿಜ.

ನಿಜವಾದ ಕಥೆ ಇರೋದು ಬಾಡಿಗೆಗೆ ಓಡುತ್ತಿದ್ದ ಕಮಾಂಡರ್ ಜೀಪುಗಳ ಕಾಲದ್ದು. ಒಳಗೆ ತುಂಬಿ, ಹಿಂದೆ ಜೋತುಬಿದ್ದು ಜನ ಹೋಗುತ್ತಿದ್ದರು. ಪಟ್ಟಿ ಮುರೀಬಾರದು ಅಂತ ಮಾಲೀಕರು ಇನ್ನೊಂದು ಪ್ಲೇಟು ಸೇರಿಸೋರು. ತಮಾಷೆ ಅಂದ್ರೆ ತುಂಬಿದ ಜೀಪು ಮೆತ್ತಗೇ ಹೋಗುತ್ತಿತ್ತು, ಖಾಲಿಯಾದ್ರೆ ಒದೆಯುತ್ತಿತ್ತು!

ಕಾರಣ ಸರಳ. ಸ್ಪ್ರಿಂಗಿನ ಬಿಗಿ ಅಷ್ಟೇ ಇದ್ದು ಮೇಲಿನ ಭಾರ ಕಡಿಮೆಯಾದರೆ ಗಾಡಿ ಬೇಗ ಬೇಗ ಕುಣಿಯುತ್ತೆ. ನಿಮಿಷಕ್ಕೆ 60ರಿಂದ 90 ಸಲ ತೂಗಿದರೆ ಮೈಗೆ ಹಿತ ಅನ್ನೋದು ಗಾಡಿ ಮಾಡುವವರ ಹಳೇ ಲೆಕ್ಕ. ಸೆಕೆಂಡಿಗೆ 4ರಿಂದ 8 ಸಲ ಕುಲುಕಿದರೆ ಕೂತವರ ಮೈ ತಡೆಯೋದಿಲ್ಲ. 2008ರಲ್ಲಿ 108 ಆಂಬುಲೆನ್ಸ್ ಬರೋತನಕ, ರಾತ್ರಿ ಹೆರಿಗೆ ನೋವು ಬಂದ್ರೆ ಹಳ್ಳಿಯವರು ಹುಡುಕುತ್ತಿದ್ದದ್ದು ಇಂಥ ಜೀಪನ್ನೇ. ಹದಿನೈದು ಜನಕ್ಕೆ ಅಂತ ಪ್ಲೇಟು ಸೇರಿಸಿದ ಗಾಡಿಯಲ್ಲಿ ಒಬ್ಬಳು ಗರ್ಭಿಣಿ, ಜೊತೆಗೆ ಇಬ್ಬರು. ಆ ಜೀಪು ಅತಿ ಹೆಚ್ಚು ಒದೆಯುತ್ತಿದ್ದದ್ದು ಆ ರಾತ್ರಿಯೇ. ಮತ್ತೆ ಅದೇ ಕೌದಿ...

1985ರ ಮಾರುತಿ ಜಿಪ್ಸಿಗೂ ನಾಲ್ಕೂ ಕಡೆ ಪಟ್ಟಿಯೇ. 2010ರ ಥಾರ್‌ಗೆ ಮುಂದೆ ಟಾರ್ಷನ್ ಬಾರ್ ಬಂತು, ಹಿಂದೆ ಪಟ್ಟಿ ಉಳೀತು. 2020ರ ಥಾರ್‌ನಲ್ಲಿ ನಾಲ್ಕಕ್ಕೂ ಕಾಯಿಲ್ ಸ್ಪ್ರಿಂಗ್. ಕಮಾನು ಪಟ್ಟಿಗಳು ಒಂದಕ್ಕೊಂದು ಉಜ್ಜಿಕೊಂಡು ಕುಣಿತವನ್ನು ತಾವೇ ಸ್ವಲ್ಪ ತಡೀತವೆ. ಕಾಯಿಲ್‌ಗೆ ಆ ಗುಣ ಇಲ್ಲವೇ ಇಲ್ಲ ಅನ್ನಬಹುದು, ಎಲ್ಲಾ ಶಾಕ್ ಅಬ್ಸಾರ್ಬರ್ ಮೇಲೆ. ನಮ್ಮ ಅಲೆ ಅಲೆ ರಸ್ತೆಗೆ ಸ್ಪ್ರಿಂಗಿಗಿಂತ ಮೊದಲು ನೋಡಬೇಕಾದ್ದು ಅದನ್ನೇ ಅಂತ ನನ್ನ ಅಭಿಪ್ರಾಯ.

ಈಗ ಹೊರಗಿನ ಕಿಟ್ ಹಾಕಿಸೋರು ಜಾಸ್ತಿ. ಆಸ್ಟ್ರೇಲಿಯಾದ ಓಲ್ಡ್ ಮ್ಯಾನ್ ಇಮ್ಯು ತರಹದವರು ಒಂದೇ ಗಾಡಿಗೆ ಭಾರದ ಪ್ರಕಾರ ಬೇರೆ ಬೇರೆ ಸ್ಪ್ರಿಂಗ್ ಮಾಡ್ತಾರೆ. ಕಬ್ಬಿಣದ ಬಂಪರ್, ವಿಂಚ್, ವಾರಗಟ್ಟಲೆಯ ನೀರು ಹೊತ್ತು ಮರುಭೂಮಿ ದಾಟೋರಿಗೆ ಬಿಗಿಯಾದದ್ದು ಬೇಕು. ಅದನ್ನೇ ಇಲ್ಲಿ ಎರಡು ಇಂಚು ಎತ್ತರ ಕಾಣಲಿ ಅಂತ ಹಾಕಿಸಿ, ಒಬ್ಬನೇ ಕೂತು ಗಬ್ಬೂರಿಗೆ ಹೋದರೆ? ದುಡ್ಡು ಕೊಟ್ಟು ಖಾಲಿ ಕಮಾಂಡರ್ ಕೊಂಡ ಹಾಗೆ. (ಕಂಪನಿಯ ಮೂಲ ವಿವರ ಬದಲಾಗುವಂಥ ಮಾರ್ಪಾಡಿಗೆ ಕಾನೂನಿನ ತಡೆ ಇದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಹಾಕಿಸೋ ಮೊದಲು ಆರ್‌ಟಿಓದಲ್ಲಿ ಕೇಳಿ.)

ಹತ್ತಿ, ಭತ್ತದ ಊರು ರಾಯಚೂರಲ್ಲಿ ವೇಬ್ರಿಜ್‌ಗೆ ಬರವಿಲ್ಲ. ಖಾಲಿ ಗಾಡಿ ಒಮ್ಮೆ, ಮನೆಮಂದಿ ಸಾಮಾನು ಸಮೇತ ಒಮ್ಮೆ ತೂಗಿಸಿ. ಆದ್ರೆ ಮುಂದಿನ ಚಕ್ರ, ಹಿಂದಿನ ಚಕ್ರ ಬೇರೆ ಬೇರೆ. ಆ ಚೀಟಿ ಹಿಡಿದು ಅಂಗಡಿಗೆ ಹೋಗಿ ಇಷ್ಟು ಭಾರಕ್ಕೆ ಯಾವ ಸ್ಪ್ರಿಂಗ್ ಅಂತ ಕೇಳಿ. ಚೀಟಿ ನೋಡದೆ ಸ್ಪ್ರಿಂಗಿನ ಬಣ್ಣ ತೋರಿಸಿದರೆ, ಪಕ್ಕದ ಅಂಗಡಿಗೆ ನಡೀರಿ.